ಮುರಿದ ಕೊಂಬಿನ ಬಸವಣ್ಣ

ಇಂಥ ವಿಷಯಗಳನ್ನು ನಾನು ನಂಬುವವಳಲ್ಲ. ಈಗಲೂ ಪೂರ್ತಿ ನಂಬುತ್ತೇನೆಂದು ಹೇಳಲಾರೆ. ಕನಸಿನಲ್ಲಿ ಯಾರೋ ಬಂದು ಎಚ್ಚರಿಸಿದರು, ಸತ್ತವರ ದನಿ ಕೇಳಿಸಿತು ಎಂದು ಯಾರಾದರೂ ಮಾತು ತೆಗೆದರೆ ನಾನು ನಗುತ್ತಿರಲಿಲ್ಲ, ನಿಜ. ಆದರೆ ಒಳಗೊಳಗೇ ಒಂದು ಪ್ರಶ್ನೆ ಕೇಳಿಕೊಳ್ಳುತ್ತಿದ್ದೆ: ಇದನ್ನು ಇವರು ಎಷ್ಟನೆಯ ಸಲ ಹೇಳುತ್ತಿದ್ದಾರೆ? ಹೇಳುತ್ತ ಹೇಳುತ್ತ ಯಾವ ಘಟನೆಯಾದರೂ ನುಣುಪಾಗುತ್ತದೆ. ಮೊದಲ ಸಲ ಇಲ್ಲದ ಗಾಳಿ ಎರಡನೆಯ ಸಲ ಬೀಸುತ್ತದೆ. ಅದರ ಮುಂದಿನ ಸಲಕ್ಕೆ ದೀಪವೂ ಆರಿಹೋಗುತ್ತದೆ.

ಈಗ ನನ್ನದೇ ಅನುಭವ ಬರೆಯಲು ಕೂತಾಗ ನನಗೆ ನನ್ನ ಮೇಲೆಯೇ ಆ ಸಂಶಯ. ಓದುವ ನಿಮಗೂ ಇರಲಿ. ಖಚಿತವಾಗಿ ಗೊತ್ತಿರುವುದನ್ನು ಗೊತ್ತಿದೆ ಎಂದೂ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೂ ಹೇಳುತ್ತ ಹೋಗುತ್ತೇನೆ. ಒಂದು ಮಾತನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ, ಅದನ್ನು ಕೊನೆಯವರೆಗೆ ಬಚ್ಚಿಡುವ ಮನಸ್ಸು ನನಗಿಲ್ಲ. ಇದರಲ್ಲಿ ಯಾರೂ ಸಾಯುವುದಿಲ್ಲ.

ಶಕೀಲಾ ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಹುಡುಗಿ. ನಮ್ಮ ಮನೆ ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ. ಇಲ್ಲಿ ಟೈಲರ್‌ಗಳಿಗೇನೂ ಕಡಿಮೆಯಿಲ್ಲ, ಆದರೂ ಸ್ಕೂಟಿ ಹತ್ತಿ ಅವಳ ಹತ್ತಿರವೇ ಹೋಗುತ್ತೇನೆ. ಅಳತೆ ತೆಗೆಯುವಾಗ ಅವಳ ಬಾಯಿ ನಿಲ್ಲುವುದಿಲ್ಲ. ತವರಿನ ಸುದ್ದಿ, ಗಂಡನ ಸುದ್ದಿ, ಪಕ್ಕದ ಅಂಗಡಿಯವರ ಜಗಳ. ನಾನು ಅರ್ಧ ಕೇಳಿಸಿಕೊಳ್ಳುತ್ತೇನೆ, ಅರ್ಧ ಬಿಡುತ್ತೇನೆ. ಈ ಬಿಟ್ಟ ಅರ್ಧವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅವಳು ಚೊಚ್ಚಲ ಹೆರಿಗೆಗೆ ತವರಿಗೆ ಹೋದಳು. ತವರು ಹರಿಹರದ ಆಚೆ, ಸಾರಥಿ ಎಂಬ ಹಳ್ಳಿ ದಾಟಿ ಇನ್ನೂ ಸ್ವಲ್ಪ ಒಳಗೆ ಹೋದರೆ ಸಿಗುವ ಒಂದು ಕೆರೆಯ ಊರು. ಊರಿನ ಹೆಸರು ಬೇಡ. ಅವಳ ತಂದೆ ಬಾಬುಸಾಬರದು ಅಲ್ಲಿ ಸಣ್ಣದೊಂದು ಇಟ್ಟಿಗೆ ಭಟ್ಟಿ. ಕೆರೆ ಏರಿಯ ಕೆಳಗೆ, ಕೋಡಿಯ ನೀರು ಹರಿದುಹೋಗುವ ಹಳ್ಳದ ದಂಡೆಯಲ್ಲೇ ಅವರ ಮನೆ, ಮನೆಯ ಮುಂದೆಯೇ ಭಟ್ಟಿ. ತಗ್ಗಿನ ಜಾಗ. ಮಣ್ಣೂ ನೀರೂ ಕೈಗೆ ಸಿಗುವುದು ಅಲ್ಲೇ ಎಂದು ಅವರ ತಂದೆಯ ಕಾಲದಿಂದ ಅಲ್ಲೇ ಇದ್ದಾರೆ. ಕೆರೆ ತುಂಬಿ ಕೋಡಿ ಬಿದ್ದರೆ ಮೊದಲು ನೀರು ನುಗ್ಗುವುದೂ ಅದೇ ಮನೆಗೆ. ಆದರೆ ಆ ಕೆರೆ ಕೋಡಿ ಬಿದ್ದು ಬಹಳ ವರ್ಷಗಳಾಗಿದ್ದವು. ಕೋಡಿಯ ಬಾಯಿಯಲ್ಲಿ ಜಾಲಿ, ಜೊಂಡು ಬೆಳೆದು ಅದು ಎಲ್ಲಿದೆಯೆಂದೇ ಹೊರಗಿನವರಿಗೆ ಕಾಣುತ್ತಿರಲಿಲ್ಲ.

ಮಗು ಹುಟ್ಟಿದ ಸುದ್ದಿ ಬಂತು, ಹೆಣ್ಣು. ಆಗ ಚಿತ್ತಾ ಮಳೆ ಹಿಡಿದಿತ್ತು. ಒಂದೆರಡು ವಾರ ಬಿಟ್ಟೂ ಬಿಡದೆ ಸುರಿದು ಒಂದು ದಿನ ಮಧ್ಯಾಹ್ನ ಹೊಳವಾಯಿತು. ಮಗುವಿಗೆಂದು ತಂದಿಟ್ಟಿದ್ದ ಕುಲಾವಿ, ಬಾಣಂತಿಗೆ ಒಣಕೊಬ್ಬರಿ, ಖರ್ಜೂರ ಕಟ್ಟಿಕೊಂಡು ನಾನು ಸ್ಕೂಟಿಯಲ್ಲಿ ಹೊರಟೆ. ನನ್ನ ಗಂಡ, "ಸಾಯಂಕಾಲಕ್ಕೆ ಮತ್ತೆ ಮಳೆ ಬರ್ತದೆ, ನಾಳೆ ಹೋಗು" ಎಂದರಂತೆ. ನನಗೆ ಆ ಮಾತು ನೆನಪಿಲ್ಲ. ಅವರಿಗೆ ನೆನಪಿದೆ, ಏಕೆಂದರೆ ಅದು ನಿಜವಾಯಿತು.

ಏರಿ ಹತ್ತಿ ಸ್ಕೂಟಿ ನಿಲ್ಲಿಸಿದೆ. ಅಲ್ಲಿಂದ ಕೆಳಗೆ ಬಾಬುಸಾಬರ ಮನೆಗೆ ಕಾಲುದಾರಿ. ಇಳಿಯುವ ಮೊದಲು ತಿರುಗಿ ಕೆರೆ ನೋಡಿದೆ. ನೀರು ಕೆಂಪಗೆ, ಅಲ್ಲಾಡದೆ ನಿಂತಿತ್ತು. ಬಿಸಿಲು ಇಳಿಯುತ್ತಿತ್ತು. ಏರಿಗೆ ಅಷ್ಟೇನೂ ದೂರವಲ್ಲದ ಕಡೆ ನೀರಿನಿಂದ ಒಂದು ಕಲ್ಲಿನ ಬಸವಣ್ಣನ ತಲೆ ಎದ್ದಿತ್ತು. ಮೈಯೆಲ್ಲ ನೀರೊಳಗೆ. ಕೊರಳಿನಿಂದ ಮೇಲೆ ಮಾತ್ರ ಹೊರಗೆ. ಈಜುವ ಎಮ್ಮೆ ಮುಖ ಮೇಲೆತ್ತಿಕೊಂಡಿರುತ್ತದಲ್ಲ, ಹಾಗೆ. ಎಡಗೊಂಬು ಅರ್ಧಕ್ಕೇ ಮುರಿದಿತ್ತು.

ಮುರಿದ ಕೊಂಬಿನ ಮೇಲೆ ಒಂದು ಮಿಂಚುಳ್ಳಿ ಕೂತಿತ್ತು ಎಂದು ನಾನು ಬಹಳ ಮಂದಿಗೆ ಹೇಳಿದ್ದೇನೆ. ಇಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆ ಹಕ್ಕಿ ಆಮೇಲೆ ಯಾವಾಗಲೋ, ಹೇಳುವಾಗ ಬಂದು ಕೂತಿರಬಹುದು. ಹಕ್ಕಿಯನ್ನು ಬಿಟ್ಟು ಮತ್ತೊಮ್ಮೆ ಹೇಳುತ್ತೇನೆ. ಕೆಂಪು ನೀರು. ಕೊರಳಿನಿಂದ ಮೇಲೆ ಬಸವಣ್ಣ. ಬಲಗೊಂಬು ನೆಟ್ಟಗಿತ್ತು, ಎಡಗೊಂಬು ಮುರಿದಿತ್ತು. ಮುರಿದ ತುದಿ ಒರಟಾಗಿ, ಕಚ್ಚಿದ ಬೆಲ್ಲದಂತೆ ಇತ್ತು. ಇಷ್ಟು ಖಚಿತ. ಚೆನ್ನಾಗಿದೆ ಎನ್ನಿಸಿ ಮೊಬೈಲಿನಲ್ಲಿ ಒಂದು ಫೋಟೊ ಹೊಡೆದೆ. ತೆಗೆದದ್ದನ್ನು ನೋಡಲಿಲ್ಲ. ಮೊಬೈಲನ್ನು ಬ್ಯಾಗಿಗೆ ಹಾಕಿ ಇಳಿದೆ.

"ಬರ್ರಿ ಬರ್ರಿ, ಅಕ್ಕಾರು ಬಂದ್ರು ನೋಡು" ಎಂದು ಬಾಬುಸಾಬರು ಎದ್ದರು. ಅರವತ್ತರ ಆಸುಪಾಸಿನ ಮನುಷ್ಯ, ಉಗುರಿನ ಸಂದಿಯಲ್ಲಿ ಎಂದೂ ಹೋಗದ ಮಣ್ಣು. ಒಳಗೆ ಶಕೀಲಾ ಗೋಡೆಗೊರಗಿ ಕಿವಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದಳು. ಜಂತೆಗೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಮಗು. ಶಕೀಲಾಳ ತಾಯಿ ಮಹಬೂಬಿ ನೆಲದ ಮೇಲೆ ಕೂತು ಜೋಳಿಗೆಯ ಹಗ್ಗ ಎಳೆಯುತ್ತಿದ್ದರು.

"ಅಕ್ಕಾ, ನೀವು ಹೊಲಿಯಾಕ ಕೊಟ್ಟಿದ್ದ ಬ್ಲೌಸು ಹಂಗೇ ಉಳೀತು" ಎಂದಳು ಶಕೀಲಾ.

"ನಿನ್ನ ಮಗಳನ್ನ ನೋಡಾಕ ಬಂದಾರ, ಬ್ಲೌಸು ಕೇಳಾಕ ಬಂದಿಲ್ಲ" ಎಂದು ಮಹಬೂಬಿ ಗದರಿದರು. ನನ್ನ ಕಡೆ ತಿರುಗಿ, "ಚಿಲ್ಲಾ ಮುಗಿಯೋತನಕ ಹೊಸ್ತಿಲು ದಾಟಂಗಿಲ್ರಿ ಇಕಿ. ಬಾಯಿ ಮಾತ್ರ ಆಗ್ಲೇ ದಾವಣಗೆರಿ ಮುಟ್ಟೈತೆ" ಎಂದರು. ಹೆರಿಗೆಯ ನಂತರದ ನಲವತ್ತು ದಿನ ಬಾಣಂತಿ, ಕೂಸು ಮನೆ ಬಿಟ್ಟು ಹೊರಗೆ ಹೋಗಬಾರದು ಎಂಬುದು ಅವರ ರೂಢಿ. ಅದರಲ್ಲೂ ಹೊತ್ತು ಮುಳುಗುವ ಮಗ್ರಿಬ್ ವೇಳೆಯಲ್ಲಿ ಕೂಸನ್ನು ಬಾಗಿಲ ಹತ್ತಿರವೂ ತರುವಂತಿಲ್ಲ. ಬಾಣಂತಿಯ ತಲೆದಿಂಬಿನ ಕೆಳಗೆ ಒಂದು ಚಾಕು ಇಟ್ಟಿದ್ದರು, ಕೆಟ್ಟದ್ದು ಸುಳಿಯದಿರಲಿ ಎಂದು.

ಚಹಾ ಬಂತು. ಮಳೆಯ ಮಾತು ಬಂತು. "ಮನೆ ಇಷ್ಟು ತಗ್ಗಿನಲ್ಲಿದೆ, ಕೆರೆ ಹೀಗೆ ತುಂಬಿದರೆ ಭಯವಾಗುವುದಿಲ್ಲವೇ" ಎಂದು ಕೇಳಿದೆ.

"ಯಾಕ ಭಯರಿ? ಬಸವಣ್ಣ ಹೇಳ್ತಾನಲ್ಲ" ಎಂದರು ಬಾಬುಸಾಬರು. ಆಗಲೇ ನನಗೆ ಆ ಊರಿನ ಲೆಕ್ಕಾಚಾರ ತಿಳಿದದ್ದು. ಕೆರೆಯೊಳಗೆ ಒಂದು ದಿಬ್ಬವಿದೆ. ಕೆರೆ ತುಂಬುತ್ತ ಬಂದಾಗ ಮಾತ್ರ ನೀರು ಅದನ್ನು ಮುಟ್ಟುತ್ತದೆ. ಬಸವಣ್ಣ ಕೂತಿರುವುದು ಆ ದಿಬ್ಬದ ಮೇಲೆ. ನೀರು ಅವನ ಬುಡಕ್ಕೆ ಬಂದರೆ ಹಿಂಗಾರಿ ಬೆಳೆಗೆ ಚಿಂತೆಯಿಲ್ಲ. ಕೊರಳಿಗೆ ಬಂದರೆ ಹಳ್ಳದ ದಂಡೆಯವರು ಗಂಟುಮೂಟೆ ಕಟ್ಟಿ ಏರಿ ಹತ್ತಬೇಕು. ಕೊಂಬು ಮುಳುಗಿತೆಂದರೆ ಕೋಡಿ ಬಿತ್ತು. ಹಿಂದೂಗಳಿರಲಿ ಮುಸ್ಲಿಮರಿರಲಿ, ಅಜ್ಜ ಮುತ್ತಜ್ಜಂದಿರ ಕಾಲದಿಂದ ಎಲ್ಲರೂ ಕೆರೆಯನ್ನು ಓದುವುದು ಬಸವಣ್ಣನ ಮೈಮೇಲೆಯೇ. ಏರಿಯಿಂದ ಒಮ್ಮೆ ಕಣ್ಣು ಹಾಯಿಸಿದರೆ ಸಾಕು. ಕೋಡಿಯ ಹತ್ತಿರ ಹೋಗಿ ಮುಳ್ಳು ತುಳಿಯುವ ಕೆಲಸವಿಲ್ಲ.

"ಈಗ ಎಲ್ಲಿಗೈತಿ ಗೊತ್ತೇನ್ರಿ? ಕಾಲಿಗೆ. ಮುಂಜಾನೆ ನೋಡಿ ಬಂದೀನಿ. ಗಂಗವ್ವ ಬಂದು ಬಸವಣ್ಣನ ಪಾದ ತೊಳ್ಯಾಕತ್ಯಾಳ ಅಂತ ಊರಾಗೆಲ್ಲ ಖುಷಿ. ಇನ್ನೂ ಹೊಟ್ಟಿ ಐತೆ, ಕೊರಳೈತೆ. ಅಷ್ಟರಾಗ ಮಳಿ ನಿಂತೋಗ್ತತಿ."

ನಾನು ಕಪ್ಪು ಕೆಳಗಿಟ್ಟೆ. "ಕಾಲಿಗಲ್ಲ ಬಾಬಣ್ಣ, ಕೊರಳಿಗೆ ಬಂದಿದೆ. ಈಗ ತಾನೆ ನೋಡಿ ಬಂದೆ."

ಅವರು ನಕ್ಕರು. "ಕನ್ನಡಕ ಬದ್ಲು ಮಾಡ್ರಿ ಅಕ್ಕಾರೇ."

"ಹೂಂ ಅಬ್ಬಾ, ಸೂಜಿಗೆ ದಾರ ಪೋಣ್ಸಾಕೂ ನನ್ನೇ ಕರೀತಾರ ಅವ್ರು" ಎಂದು ಶಕೀಲಾ ಸೇರಿಸಿದಳು.

ನನಗೆ ಸ್ವಲ್ಪ ರೇಗಿತು. "ಸರಿಯಾಗೇ ನೋಡಿದ್ದೇನೆ. ಮೈಯೆಲ್ಲ ಮುಳುಗಿದೆ. ಒಂದು ಕೊಂಬು ಬೇರೆ ಮುರಿದಿದೆಯಲ್ಲ, ಅದನ್ನೂ ನೋಡಿದೆ" ಎಂದೆ.

ಮಹಬೂಬಿ ಹಗ್ಗ ಎಳೆಯುವುದನ್ನು ನಿಲ್ಲಿಸಿದರು. ಜೋಳಿಗೆ ತಾನಾಗಿ ಎರಡು ಸಲ ತೂಗಿ ನಿಂತಿತು. ಬಾಬುಸಾಬರು ಮೆಲ್ಲಗೆ ಕೇಳಿದರು, "ಯಾವ ಕೊಂಬುರಿ?"

"ಎಡಗಡೆಯದು."

ಬಾಬುಸಾಬರು ಹೆಂಡತಿಯ ಮುಖ ನೋಡಿದರು. ಕೊನೆಗೆ ಶಕೀಲಾಳೇ ಹೇಳಿದಳು. ಎಡಗೊಂಬು ಮುರಿದಿದ್ದದ್ದು ನಿಜ. ಆದರೆ ಈಗ ಮುರಿದಿಲ್ಲ. ಹಿಂದಿನ ಬೇಸಿಗೆಯಲ್ಲಿ ಕೆರೆಯ ಹೂಳೆತ್ತುವಾಗ ಬಾಬುಸಾಬರ ಟ್ರ್ಯಾಕ್ಟರಿನವರು ದಿಬ್ಬದ ಪಕ್ಕದ ಮಣ್ಣು ತೆಗೆದಿದ್ದರು. ಬಸವಣ್ಣ ಒಂದು ಕಡೆಗೆ ವಾಲಿದ. ನೆಟ್ಟಗೆ ನಿಲ್ಲಿಸೋಣವೆಂದು ಸುತ್ತ ಅಗೆದರೆ ಊರಿನವರು ಯಾರೂ ಕಂಡಿರದ ಅರ್ಧ ಬಸವಣ್ಣ ಮಣ್ಣಿನೊಳಗಿದ್ದ. ಮಡಿಸಿದ ಕಾಲು, ಗೊರಸು, ಕಾಲಿನ ಗೆಜ್ಜೆ, ಮೈಮೇಲಿನ ಗಂಟೆಸರ. ಇಷ್ಟು ದಿನ ಊರು ನೋಡಿದ್ದು ಅರ್ಧ ಹೊಟ್ಟೆಯಿಂದ ಮೇಲೆ ಮಾತ್ರ. ಹೆಂಗಸರು ಕಾಯಿ ಒಡೆದು ಅತ್ತರಂತೆ, "ಕೆಸರಾಗ ಕುಂತಿದ್ದೇನಪ್ಪಾ ಇಷ್ಟು ವರ್ಷ" ಎಂದು. ಮತ್ತೆ ಕೆಸರಲ್ಲಿ ಕೂರಿಸಲು ಯಾರಿಗೂ ಮನಸ್ಸಾಗಲಿಲ್ಲ. ಬಾಬುಸಾಬರು ಮುಂದೆ ಬಂದು, ತಮ್ಮ ಭಟ್ಟಿಯ ಚೆನ್ನಾಗಿ ಸುಟ್ಟ ಇಟ್ಟಿಗೆಗಳನ್ನೇ ಆರಿಸಿ ತಂದು, ಅದೇ ದಿಬ್ಬದ ಮೇಲೆ ಕಟ್ಟೆ ಕಟ್ಟಿದರು. ಸಿಮೆಂಟಿನಲ್ಲಿ ಎಡಗೊಂಬನ್ನೂ ತಾವೇ ತಿದ್ದಿ ಹಚ್ಚಿದರು. ಬಸವಣ್ಣನನ್ನು ಅದರ ಮೇಲೆ ಕೂರಿಸಿದ ದಿನ ಊರವರು ಬಾಬುಸಾಬರಿಗೆ ಶಾಲು ಹೊದಿಸಿದರು. ಆ ಶಾಲು ಈಗ ಮಗುವಿನ ಜೋಳಿಗೆಯೊಳಗೆ ಹಾಸಿತ್ತು.

"ಅಕ್ಕಗ ನಾ ಇದನ್ನೆಲ್ಲ ಹೇಳೇ ಇಲ್ಲ ಅಬ್ಬಾ" ಎಂದಳು ಶಕೀಲಾ.

ಫೋಟೊ ಇದೆಯಲ್ಲ ಎಂದು ನೆನಪಾಗಿ ಮೊಬೈಲು ತೆಗೆದೆ. ನನ್ನ ಮಾತನ್ನು ಸಾಬೀತು ಮಾಡಲೆಂದೇ ತೆಗೆದೆ. ಫೋಟೊದಲ್ಲಿ ಬಸವಣ್ಣ ನೀರಿನ ಮೇಲೆ ಇಡೀ ಮೈ ತೋರಿಸಿಕೊಂಡು ಕೂತಿದ್ದ. ಮಡಿಸಿದ ಕಾಲಿಗೆ ಮಾತ್ರ ನೀರು ತಾಗಿತ್ತು. ಎರಡೂ ಕೊಂಬು ನೆಟ್ಟಗಿದ್ದವು.

ನನಗೆ ನಾಚಿಕೆಯಾಯಿತು. ಬಿಸಿಲಿನ ಹೊಳಪಿಗೆ ಏನೋ ಕಂಡಿರಬೇಕು ಎಂದು ಏನೇನೋ ಹೇಳಿ ನಕ್ಕೆ. ಶಕೀಲಾಳೂ ನಕ್ಕಳು. ಬಾಬುಸಾಬರು ನಗಲಿಲ್ಲ. ಮೊಬೈಲನ್ನು ನನ್ನ ಕೈಯಿಂದ ತೆಗೆದುಕೊಂಡು ಎರಡು ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿ, ಬಸವಣ್ಣನನ್ನು ಬಿಟ್ಟು ಅವನ ಕೆಳಗಿನ ನೀರನ್ನು ನೋಡುತ್ತ ಕೂತರು. ಆಮೇಲೆ ಮೊಬೈಲು ವಾಪಸು ಕೊಟ್ಟು, ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಹೋದರು.

ಅವರು ತಿರುಗಿ ಬಂದಾಗ ಹೊರಗೆ ಹನಿ ಶುರುವಾಗಿತ್ತು. ಅಂಗಿಯ ಬಲತೋಳು ಭುಜದವರೆಗೆ ತೊಯ್ದಿತ್ತು, ಮೊಣಕೈ ಮುಳ್ಳು ತರಚಿ ರಕ್ತ ಬಂದಿತ್ತು.

"ನೀರು ಕಾಲಿಗೇ ಐತೆ" ಎಂದರು. ಆಮೇಲೆ ಅಂಗೈಯನ್ನು ತಮ್ಮ ಎದೆಯ ಮಟ್ಟಕ್ಕೆ ಹಿಡಿದು ತೋರಿಸಿದರು. "ಆದ್ರ ಕಟ್ಟೆ ಇಷ್ಟೆತ್ತರ ಐತೆ. ಕಟ್ಟಿದಾವ ನಾನೇ. ಬಸವಣ್ಣನ್ನ ಮ್ಯಾಲೆ ಏರ್ಸಿದ್ವಿ, ಕೋಡಿನ ಯಾರು ಏರ್ಸಿದ್ರು? ಹಳೇ ಜಾಗದಾಗ ಕುಂತಿದ್ರ ನೀರು ಈಗ ಎಲ್ಲಿಗೆ ಬರ್ತಿತ್ತು? ಅಕ್ಕಾರು ಹೇಳಿದ್ರಲ್ಲ, ಅಲ್ಲಿಗೇ. ಕೊರಳಿಗೆ."

ಕೋಡಿಯ ಬಾಯಿಯವರೆಗೆ ಮುಳ್ಳಿನಲ್ಲಿ ನುಗ್ಗಿ, ಜೊಂಡಿನೊಳಗೆ ಕೈ ಹಾಕಿ ನೋಡಿ ಬಂದಿದ್ದರು. ನೀರು ಅಂಚಿಗೆ ಬಂದಿತ್ತು. ಮೇಲಿನ ಹಳ್ಳಿಗಳ ಕಡೆ ಮೋಡ ಕಪ್ಪಗೆ ಕಟ್ಟಿತ್ತು.

ಇಡೀ ಊರಿನಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ. ಹೂಳೆತ್ತಿದ ಮೇಲೆ ಕೆರೆಯ ಹೊಟ್ಟೆ ದೊಡ್ಡದಾಗಿದೆ, ತುಂಬಲು ಇನ್ನೂ ಬಹಳ ನೀರು ಬೇಕು ಎಂದೇ ಎಲ್ಲರೂ ಅಂದುಕೊಂಡಿದ್ದರು. ಬಸವಣ್ಣನ ಕಾಲು ತೊಯ್ದರೆ ಕಾಲು ತೊಯ್ದಂತೆಯೇ. ಅವನನ್ನು ಎತ್ತಿ ಕೂರಿಸಿದ ಪ್ರೀತಿಯಲ್ಲಿ ಅಳತೆಗೋಲನ್ನೇ ಎತ್ತಿದ್ದೇವೆಂದು ತಿಳಿಯಲಿಲ್ಲ.

ಬಾಬುಸಾಬರು ಜೋಳಿಗೆಯಿಂದ ಮಗುವನ್ನು ಎತ್ತಿದರು. ಮಹಬೂಬಿ ಅಡ್ಡ ಬಂದರು. "ಮಗ್ರಿಬ್ ಹೊತ್ತಿನಾಗ, ಹಸಿ ಬಾಣಂತಿನ, ಮಳ್ಯಾಗ? ತಲಿ ಕೆಟ್ಟೈತೇನು ನಿಮ್ಗ? ಅಕ್ಕಾರು ಏನೋ ಕಂಡೆ ಅಂದ್ರಂತ, ಇವ್ರು ಹೊಂಟ್ರಂತ. ನಸೀಕ್ಕ ಎದ್ದು ಹೋದ್ರಾಯ್ತು."

"ನಸೀಕಿನ ತನಕ ಕೆರೆ ಕಾಯ್ತತೇನು?" ಎಂದರು ಅವರು. ದನಿ ಏರಿಸಲಿಲ್ಲ. ಮಗುವನ್ನು ಹಾಗೇ ಎದೆಗೆ ಒತ್ತಿಕೊಂಡು ನಿಂತರು. ಮಹಬೂಬಿ ಒಮ್ಮೆ ಮಗುವನ್ನು, ಒಮ್ಮೆ ಬಾಗಿಲನ್ನು ನೋಡಿದರು. ಆಮೇಲೆ ಮಗಳ ದಿಂಬಿನ ಕೆಳಗೆ ಕೈಹಾಕಿ ಆ ಚಾಕು ತೆಗೆದು ಮುಷ್ಟಿಯಲ್ಲಿ ಹಿಡಿದರು. ಸೆರಗನ್ನು ತಲೆ ತುಂಬ ಹೊದ್ದರು.

"ಹಂಗಾದ್ರ ನಾ ಮುಂದ ನಡೀತೀನಿ. ಏನಾರ ಎದುರು ಬಂದ್ರ ಮೊದ್ಲು ನನ್ನ ಮಾರಿ ನೋಡ್ಲಿ" ಎಂದರು.

ಆ ಮೆರವಣಿಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ, ಕಣ್ಣಿಗೆ ಕಟ್ಟಿದ್ದನ್ನೆಲ್ಲ ನಂಬಬಾರದೆಂದು ಗೊತ್ತಿದ್ದರೂ. ಮುಂದೆ ಚಾಕು ಹಿಡಿದ ಮಹಬೂಬಿ, ಹಿಂದೆ ಪ್ಲಾಸ್ಟಿಕ್ ಹಾಳೆಯೊಳಗೆ ಮಗುವನ್ನು ಹೊತ್ತ ಬಾಬುಸಾಬರು, ಅವರ ಹಿಂದೆ ನನ್ನ ಹೆಗಲು ಹಿಡಿದು ಒಂದೊಂದೇ ಹೆಜ್ಜೆ ಇಡುವ ಶಕೀಲಾ. ದಾರಿಯಲ್ಲಿ ಬಾಬುಸಾಬರು ಹಳ್ಳದ ದಂಡೆಯ ಇನ್ನೆರಡು ಮನೆಗಳಿಗೂ ಕೂಗಿ ಹೇಳಿದರು. ಅವರು ಮೊದಲು ನಕ್ಕರು. ಆಮೇಲೆ ಕೂಸು ಹೊರಗೆ ಬಂದದ್ದನ್ನು ನೋಡಿ ನಗು ನಿಲ್ಲಿಸಿದರು. ಚಿಲ್ಲಾದೊಳಗಿನ ಕೂಸನ್ನು ಮಹಬೂಬಿ ಹೊರಗೆ ತಂದಿದ್ದಾರೆಂದರೆ ಅದು ತಮಾಷೆಯಲ್ಲ ಎಂಬುದು ಅವರಿಗೆ ಗೊತ್ತಿತ್ತು. ಮೇಕೆ, ಪಾತ್ರೆ, ಹಾಸಿಗೆ ಎತ್ತಿಕೊಂಡು ಅವರೂ ಬಂದರು.

ಏರಿಯ ಆ ತುದಿಯಲ್ಲಿ, ಎತ್ತರದಲ್ಲಿ ಹಾಲಮ್ಮನವರ ಮನೆ. ಬಾಬುಸಾಬರಿಗಿಂತ ಹಿರಿಯರು, ಬರೀ ನಾಲಿಗೆಯಿಂದಲೇ ಊರನ್ನು ಆಳುವ ಹೆಂಗಸು. ಬಾಗಿಲು ತೆಗೆದು ವಿಷಯ ಕೇಳಿದವರೇ ಬಾಣಂತಿಗೆ ಒಳಕೋಣೆ ಬಿಟ್ಟುಕೊಟ್ಟರು. ಬಿಸಿನೀರಿಗೆ ಒಲೆ ಹೊತ್ತಿಸುತ್ತ ಬಾಬುಸಾಬರಿಗೆ ಹೇಳಿದರು, "ಬಸವಣ್ಣಗ ಕಟ್ಟೆ ಕಟ್ಟಿ ಎತ್ತರಕ್ಕೆ ಕುಂದ್ರಿಸ್ದಿ. ನೀನು ಮಾತ್ರ ತಗ್ಗಿನಾಗೇ ಕುಂತಿ ನೋಡು ಬಾಬಣ್ಣ. ನಿನ್ ಬುದ್ಧಿಗೂ ಒಂದು ಕಟ್ಟೆ ಕಟ್ಕ್ಯಾ." ಬಾಬುಸಾಬರು ಆ ದಿನ ಮೊದಲ ಸಲ ನಕ್ಕದ್ದು ಅಲ್ಲಿ. ಅಥವಾ ಅದಕ್ಕೂ ಮೊದಲು ಕನ್ನಡಕದ ಮಾತಿಗೆ ನಕ್ಕಿದ್ದರು. ಹೌದು, ನಕ್ಕಿದ್ದರು. ಎರಡನೆಯ ಸಲ.

ಊಟಕ್ಕೆ ಕೂರುವ ಹೊತ್ತಿಗೆ ದೂರದಲ್ಲಿ ಲೋಡು ಲಾರಿ ಏರು ಹತ್ತುವಂಥ ಸದ್ದು ಶುರುವಾಯಿತು. ಲಾರಿ ಬರಲಿಲ್ಲ, ಸದ್ದು ನಿಲ್ಲಲಿಲ್ಲ. ಹಾಲಮ್ಮನವರು ಕೈಯಲ್ಲಿದ್ದ ರೊಟ್ಟಿಯನ್ನು ಹಾಗೇ ಹಿಡಿದು, "ಕೋಡಿ ಬಿತ್ತು" ಎಂದರು. ಒಳಕೋಣೆಯಲ್ಲಿ ಮಗು ಅಳುತ್ತಿತ್ತು. ಅಷ್ಟು ಚೆನ್ನಾದ ಅಳುವನ್ನು ನಾನು ಕೇಳಿಲ್ಲ.

ಬೆಳಿಗ್ಗೆ ಮಳೆ ಬಿಟ್ಟು ನೀರು ಸ್ವಲ್ಪ ಇಳಿದ ಮೇಲೆ ಬಾಬುಸಾಬರು, ಮಹಬೂಬಿ, ಹಾಲಮ್ಮನವರು ಮತ್ತು ನಾನು ಕೆಳಗೆ ಹೋದೆವು. ಅಚ್ಚು ಹಾಕಿ ಒಣಗಿಸಿದ್ದ ಹಸಿ ಇಟ್ಟಿಗೆಗಳೆಲ್ಲ ಮತ್ತೆ ಮಣ್ಣಾಗಿ ಹರಿದುಹೋಗಿದ್ದವು. ಮನೆ ನಿಂತಿತ್ತು. ಗೋಡೆಯ ಮೇಲೆ ಕಿಟಕಿಗಿಂತ ಎತ್ತರಕ್ಕೆ ನೀರಿನ ಗೆರೆ. ಒಳಗೆ ಜೋಳಿಗೆ ಜಂತೆಯಿಂದ ಹಾಗೇ ತೂಗುತ್ತಿತ್ತು. ಅದರ ತಳ ಭಾರವಾಗಿ ಕೆಳಕ್ಕೆ ಜಗ್ಗಿತ್ತು, ಮಗುವೇ ಮಲಗಿದ್ದಂತೆ. ಮಹಬೂಬಿ ಹತ್ತಿರ ಹೋಗಲಿಲ್ಲ. ಬಾಬುಸಾಬರು ಸೀರೆಯ ಮಡಿಕೆ ಬಿಡಿಸಿದರು. ಒಳಗೆ ಆ ಶಾಲಿನ ಮೇಲೆ ಒಂದಷ್ಟು ಕೆಸರು, ಕೆಸರಿನ ಮೇಲೆ ಬೊಗಸೆ ನೀರು, ನೀರಿನಲ್ಲಿ ಬೆರಳುದ್ದದ ಒಂದು ಮೀನು. ಜೀವವಿತ್ತು. ಬಾಲ ಹೊಡೆಯುತ್ತಿತ್ತು.

ಇದರಲ್ಲಿ ಸಂಶಯವಿಲ್ಲ. ಆ ಮೀನನ್ನು ನಾಲ್ವರೂ ಕಂಡೆವು. ಬಾಬುಸಾಬರು ಅದನ್ನು ಬೊಗಸೆಯಲ್ಲಿ ಹಿಡಿದು, ಹೊರಗೆ ನಡೆದು ಹಳ್ಳಕ್ಕೆ ಬಿಟ್ಟರು. ಕೈ ತೊಳೆದುಕೊಂಡು ತಿರುಗಿ ಬಂದು ಮಹಬೂಬಿಗೆ, "ಇಟ್ಟಿಗೆ ಹೋದ್ರ ಹೋಗ್ಲಿ ಬಿಡು. ಮಣ್ಣು ಎಲ್ಲಿಗೆ ಹೋಗ್ತತಿ, ಮುಂದಿನ ಹೊಲದಾಗ ಇರ್ತತಿ" ಎಂದರು. ಮಹಬೂಬಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು, ಆಮೇಲೆ ನಕ್ಕರು. ನನಗೂ ಎರಡೂ ಒಟ್ಟಿಗೆ ಬಂದವು. ಇನ್ನೊಂದು ಕೈಯಲ್ಲಿ ಮಹಬೂಬಿ ಆ ಚಾಕುವನ್ನು ಇನ್ನೂ ಹಿಡಿದೇ ಇದ್ದರು.

ಇದಾಗಿ ವರ್ಷಗಳಾದವು. ಬಸವಣ್ಣನನ್ನು ಕೆಳಗಿಳಿಸುವ ಮಾತು ಊರಲ್ಲಿ ಬಂತು. ಒಮ್ಮೆ ಏರಿಸಿದವನನ್ನು ಇಳಿಸುವುದು ಹೇಗೆ ಎಂದು ಬಹಳ ಚರ್ಚೆಯಾಗಿ, ಕೊನೆಗೆ ಬಾಬುಸಾಬರೇ ಕಟ್ಟೆಯ ಗೋ‌ಡೆಗೆ ಸುತ್ತಲೂ ಬಿಳಿ ಬಣ್ಣದ ಪಟ್ಟಿ ಎಳೆದರು. ಈಗ ನೀರು ಆ ಪಟ್ಟಿ ಮುಟ್ಟಿದರೆ ಹಳ್ಳದ ದಂಡೆ ಖಾಲಿ. ಕೋಡಿಯ ಜಾಲಿಯನ್ನೂ ಕಡಿದಿದ್ದಾರೆ. ಮನೆಯನ್ನು ಏರಿಯ ಆ ತುದಿಗೆ, ಹಾಲಮ್ಮನವರ ಬಾಯಿಗೆ ಸಿಗುವಷ್ಟು ಹತ್ತಿರ ಕಟ್ಟಿಕೊಂಡಿದ್ದಾರೆ. ಭಟ್ಟಿ ಮಾತ್ರ ಕೆಳಗೇ ಇದೆ.

ನನ್ನ ಪ್ರಶ್ನೆ ಇದ್ದಲ್ಲೇ ಇದೆ. ಫೋಟೊ ಇನ್ನೂ ನನ್ನ ಹತ್ತಿರ ಇದೆ. ಆಗಾಗ ತೆರೆದು ನೋಡುತ್ತೇನೆ. ಎರಡೂ ಕೊಂಬು ನೆಟ್ಟಗೇ ಇವೆ. ಕಣ್ಣಿಗೂ ಮೊಬೈಲಿಗೂ ನಡುವೆ ಆ ಒಂದು ಗಳಿಗೆಯಲ್ಲಿ ಏನಾಯಿತು? ನೀರಿನ ಮೇಲೆ ಇಳಿಬಿಸಿಲು ಬಿದ್ದಾಗ ಮೈ ಎಲ್ಲ ನೀರಿನ ಬಣ್ಣದಲ್ಲೇ ಕಲೆತುಹೋಗಿ ತಲೆ ಮಾತ್ರ ಕಂಡಿರಬಹುದು ಎಂದು ನನ್ನ ಗಂಡ ಹೇಳುತ್ತಾರೆ. ಇರಬಹುದು. ಆದರೆ ಮುರಿದ ಕೊಂಬು? ಅಳತೆ ತೆಗೆಯುವಾಗ ಶಕೀಲಾ ಎಂದೋ ಹೇಳಿರಬೇಕು, ನಾನು ಕೇಳದೆ ಬಿಟ್ಟ ಆ ಅರ್ಧದಲ್ಲಿ ಅದು ಇದ್ದಿರಬೇಕು. ಹಾಗೆಂದು ನನ್ನನ್ನು ನಾನು ಒಪ್ಪಿಸಿಕೊಳ್ಳಲು ನೋಡುತ್ತೇನೆ. ಶಕೀಲಾಳನ್ನು ಕೇಳಿದರೆ ಕೆಲವೊಮ್ಮೆ, "ಹೇಳಿರ್ಬೇಕು ಬಿಡ್ರಿ ಅಕ್ಕಾ, ನನ್ ಬಾಯಿ ಗೊತ್ತಲ್ಲ" ಎನ್ನುತ್ತಾಳೆ. ಕೆಲವೊಮ್ಮೆ ಕತ್ತರಿ ಕೆಳಗಿಟ್ಟು, "ಇಲ್ರಿ, ಖರೇನೇ ಹೇಳಿಲ್ಲ" ಎನ್ನುತ್ತಾಳೆ. ಅವಳಿಗೂ ಗೊತ್ತಿಲ್ಲ. ಸರಿ, ಹೇಳಿದ್ದಳೆಂದೇ ಇಟ್ಟುಕೊಳ್ಳೋಣ. ಮುರಿದ ಕೊಂಬು ಅವಳ ಮಾತಿನಿಂದ ಬಂತು. ಆದರೆ ನೀರು? ಈಗ ತಾನಿಲ್ಲದ ಹಳೆಯ ಜಾಗದಲ್ಲಿ ಕೂತ ಬಸವಣ್ಣನ ಕೊರಳಿಗೆ, ಇರಬೇಕಾದ ಮಟ್ಟಕ್ಕೇ ಸರಿಯಾಗಿ ನೀರನ್ನು ತಂದು ನಿಲ್ಲಿಸಿದವರು ಯಾರು?

ಬಾಬುಸಾಬರಿಗೆ ಈ ತಾಪತ್ರಯವಿಲ್ಲ. ಕಾರಣ ಏನೆಂದು ಅವರು ಒಮ್ಮೆಯೂ ನನ್ನನ್ನು ಕೇಳಿಲ್ಲ. ಅವರದು ಬೇರೆ ವ್ಯವಹಾರ. ಪ್ರತಿ ಮಳೆಗಾಲ, ಮೋಡ ಕಟ್ಟಿದ ದಿನ ಸಂಜೆ ಫೋನ್ ಮಾಡುತ್ತಾರೆ. ಹಿಂದೆ ಮೊಮ್ಮಗಳ ಗಲಾಟೆ ಕೇಳಿಸುತ್ತಿರುತ್ತದೆ. ಅವಳೀಗ ಓಡಾಡುತ್ತಾಳೆ, ಮಳೆಗಾಲ ಬಂತೆಂದರೆ ಅಜ್ಜನ ಮನೆಯೇ ಬೇಕೆಂದು ಹಟ ಹಿಡಿಯುತ್ತಾಳೆ.

"ಅಕ್ಕಾರೇ, ಇವತ್ತು ಬಸವಣ್ಣ ಎಲ್ಲೀತನಕ ಮುಳುಗ್ಯಾನ್ರಿ?"

ಮೊದಲ ವರ್ಷ ನಕ್ಕು ಮಾತು ಹಾರಿಸಿದೆ. "ನಿಮ್ಮ ಏರಿ ಹತ್ತಿ ನೀವೇ ನೋಡ್ರಿ ಬಾಬಣ್ಣ, ಪಟ್ಟಿ ಎಳೆದಿದ್ದೀರಲ್ಲ" ಎಂದೆ. "ನೋಡೀನ್ರಿ. ಪಟ್ಟಿ ಇನ್ನೂ ಮ್ಯಾಲೈತೆ. ಆದ್ರೂ ನೀವೊಂದು ಮಾತು ಹೇಳಿಬಿಡ್ರಿ" ಎಂದರು. ಅಂದಿನಿಂದ ಬಿ ಬ್ಲಾಕಿನ ನಮ್ಮ ಮನೆಯ ಮೆಟ್ಟಿಲ ಮೇಲೆ ನಿಂತು, ಅಕ್ಕಪಕ್ಕದವರು ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಕಣ್ಣು ಮುಚ್ಚುತ್ತೇನೆ. ನಗೆಪಾಟಲಿನ ಕೆಲಸವೆಂದು ಗೊತ್ತು. ಆದರೂ ಕಣ್ಣು ತೆರೆಯುವುದಿಲ್ಲ. ಕಾಯುತ್ತೇನೆ. ರೆಪ್ಪೆಯೊಳಗೆ ಕಪ್ಪು ಬಿಟ್ಟರೆ ಏನೂ ಇಲ್ಲ. ಕೆಂಪು ನೀರಿಲ್ಲ, ಕೊಂಬಿಲ್ಲ, ಆ ಹಕ್ಕಿಯೂ ಇಲ್ಲ.

"ಏನೂ ಕಾಣಿಸುತ್ತಿಲ್ಲ ಬಾಬಣ್ಣ" ಎನ್ನುತ್ತೇನೆ.

"ಹಂಗಾದ್ರ ಕೂಸಿಗೆ ಉಣ್ಣಿಸಿ ಮಲಗಿಸ್ತೀನ್ರಿ" ಎಂದು ಫೋನ್ ಇಡುತ್ತಾರೆ.